ಗಾಜಿನ ಅಂಚು ಹಿಡಿದು: ಬಳ್ಳಾರಿಯಿಂದ ರಾಯಚೂರಿಗೆ ಐದು ದಿನ

ಮೊದಲ ದಿನ: ಬಳ್ಳಾರಿ

ಜನವರಿ ಕೊನೆಯ ವಾರದಲ್ಲಿ ಬಳ್ಳಾರಿಯನ್ನು ಹಗಲೆಲ್ಲ ಸುತ್ತಬಹುದು. ಮಾರ್ಚ್ ಬಂತೆಂದರೆ ರಾತ್ರಿ ಹತ್ತಾದರೂ ಕೋಟೆ ಗುಡ್ಡದ ಬಂಡೆ ಬಿಸಿ ಕಾರುತ್ತಿರುತ್ತದೆ. ಆಗ ತಗಡಿನ ಶೆಡ್ಡಿನಲ್ಲಿ ಗಾಜು ಕೊರೆಯುವವರ ಪಕ್ಕ ಹತ್ತು ನಿಮಿಷ ನಿಲ್ಲುವುದೂ ಕಷ್ಟ. ಬೆಳಗಿನ ರೈಲಿಳಿದು ತಳ್ಳುಗಾಡಿಯೊಂದರಲ್ಲಿ ಒಗ್ಗರಣೆ-ಮಿರ್ಚಿ ತಿಂದೆವು. ನೆನೆಸಿ ಹಿಂಡಿದ ಮಂಡಕ್ಕಿಗೆ ಹುಣಸೆ ಹುಳಿ, ಹುರಿಗಡಲೆ ಪುಡಿ, ಮೇಲೆ ಹಸಿ ಈರುಳ್ಳಿ, ಪಕ್ಕಕ್ಕೆ ಆಗಷ್ಟೇ ಎಣ್ಣೆಯಿಂದ ಎದ್ದ ಮಿರ್ಚಿ. ಒಂಬತ್ತರ ಮೇಲೆ ಹೋದರೆ ಮಿರ್ಚಿ ಸಿಗುತ್ತದೆ, ಬಿಸಿ ಸಿಗುವುದಿಲ್ಲ.

ಈ ಮೂರು ಜಿಲ್ಲೆಗಳಲ್ಲಿ ಗಾಜನ್ನು ಕೊರೆಯುವ, ಹೊಲಿಯುವ, ಅದರ ಮೇಲೆ ಬರೆಯುವ, ಅದನ್ನು ಕರಗಿಸುವ ಕೈಗಳನ್ನು ನೋಡುವುದಷ್ಟೇ ಪ್ರವಾಸದ ಉದ್ದೇಶ. ಗಾಜಿನ ದೊಡ್ಡ ಕಾರ್ಖಾನೆಗೆ ಹೆಸರಾದ ಸೀಮೆ ಇದಲ್ಲ. ಆದರೆ ಗಾಜಿಗೆ ಬಣ್ಣ ಕೊಡುವ ಮತ್ತು ಬಣ್ಣ ಕಳೆಯುವ ಕೆಲವು ಖನಿಜಗಳು ಇಲ್ಲೇ ನೆಲದೊಳಗಿವೆ: ಬಳ್ಳಾರಿಯ ಕಬ್ಬಿಣ, ಸಂಡೂರಿನ ಮ್ಯಾಂಗನೀಸ್, ಹಟ್ಟಿಯ ಚಿನ್ನ.

ಮೊದಲ ಶೆಡ್ಡು ಗ್ಲಾಸ್-ಪ್ಲೈವುಡ್ ಅಂಗಡಿಗಳ ಸಾಲಿನ ಹಿಂದಿತ್ತು. ಮನೆ ಬಾಗಿಲಿಗೆ, ದೇವರ ಕೋಣೆಗೆ ಗಾಜಿನಲ್ಲಿ ನವಿಲು, ಕಮಲ, ಲಕ್ಷ್ಮಿಯನ್ನು ಕೆತ್ತುವ ಜಾಗ. ಕೆಲಸಗಾರರು ಮಾಡಿಟ್ಟ ಬಾಗಿಲು ತೋರಿಸುವ ಮೊದಲು ಗೋಡೆಗೆ ಒರಗಿಸಿದ ಸಾದಾ ಗಾಜಿನ ಹತ್ತಿರ ಕರೆದರು. "ಮುಖ ನೋಡಬ್ಯಾಡ್ರಿ ಸಾರ್, ಅಂಚು ನೋಡ್ರಿ" ಅಂದರು. ಮುಖದಿಂದ ನೀರಿನಂತೆ ತಿಳಿಯಾದ ಗಾಜು ಅಂಚಿನಿಂದ ಕೆರೆಯ ಪಾಚಿಯ ಹಸಿರು. ಮರಳಿನ ಜೊತೆ ಬರುವ ಕಬ್ಬಿಣದ ಆಕ್ಸೈಡು ಸಾವಿರಕ್ಕೆ ಒಂದು ಭಾಗ ಇದ್ದರೂ ಸಾಕು, ಈ ಹಸಿರು ಬರುತ್ತದೆ. ಬಳ್ಳಾರಿಯ ಮಣ್ಣನ್ನು ಕೆಂಪಾಗಿಸಿರುವುದೂ ಇದೇ ಕಬ್ಬಿಣ. ಮಣ್ಣಿನಲ್ಲಿ ಅದು ಪೂರ್ತಿ ತುಕ್ಕು ಹಿಡಿದ ರೂಪದಲ್ಲಿದೆ. ಗಾಜಿನ ಕುಲುಮೆಯಲ್ಲಿ ಒಂದಿಷ್ಟು ಕಬ್ಬಿಣ ಆಮ್ಲಜನಕ ಕಳೆದುಕೊಂಡು ನೀಲಿ-ಹಸಿರಿಗೆ ತಿರುಗುತ್ತದೆ. ಕಬ್ಬಿಣ ತೀರ ಕಡಿಮೆ ಇರುವ ದುಬಾರಿ ಗಾಜಿನ ಅಂಚು ಬಿಳಿಯಾಗಿ ಕಾಣುತ್ತದೆ. ಆಳವಾಗಿ ಕೆತ್ತಿ ಕೆಳಗಿನಿಂದ ಎಲ್‌ಇಡಿ ದೀಪ ಹಾಕುವ ಕೆಲಸಕ್ಕೆ ಅದೇ ಬೇಕು. ಸಾದಾ ಗಾಜಿನಲ್ಲಿ ದೀಪದ ಬೆಳಕು ಒಂದು ಅಡಿ ಏರುವಷ್ಟರಲ್ಲೇ ಹಸಿರಾಗಿಬಿಡುತ್ತದೆ.

ಕತ್ತರಿಸುವುದನ್ನು ಎರಡು ಸಲ ಮಾಡಿ ತೋರಿಸಿದರು. ಕಟರಿನ ಚಕ್ರವನ್ನು ಸೀಮೆಎಣ್ಣೆಗೆ ಅದ್ದಿ, ಆ ತುದಿಯಿಂದ ಈ ತುದಿಗೆ ಒಂದೇ ಒತ್ತಡದಲ್ಲಿ ಒಂದೇ ಗೀರು. ಸದ್ದು ಸಣ್ಣಗೆ, ಬಟ್ಟೆ ಹರಿದಂತೆ ಬರಬೇಕು. ಕರಕರ ಅಂದರೆ ಒತ್ತಡ ಹೆಚ್ಚಾಗಿದೆ, ಗೀರಿನ ಎರಡೂ ಬದಿ ಸಿಬಿರು ಏಳುತ್ತದೆ. ಚಕ್ರ ಗಾಜನ್ನು ಕತ್ತರಿಸುವುದಿಲ್ಲ, ಕೂದಲೆಳೆಯ ಬಿರುಕೊಂದನ್ನು ಮೂಡಿಸುತ್ತದೆ. ಕತ್ತರಿಸುವ ಕೆಲಸ ಆಮೇಲೆ ಕೈಗಳದ್ದು. ಗೀರಿನ ಮೇಲೆ ಇನ್ನೊಮ್ಮೆ ಗೀರಿದರೆ ಬಿರುಕು ಚದುರುತ್ತದೆ, ಜೊತೆಗೆ ಚಕ್ರವೂ ಹಾಳು. ಗೀರಿ ಚಹಾ ಕುಡಿದು ಬಂದರೂ ಕೆಟ್ಟಿತು. ತಕ್ಷಣ ಮುರಿಯದಿದ್ದರೆ ಬಿರುಕು ಮಂದವಾಗಿ, ಗಾಜು ತನಗೆ ಬೇಕಾದ ಕಡೆ ಒಡೆಯುತ್ತದೆ.

ಗಾಳಿಯ ರಭಸದಲ್ಲಿ ಪುಡಿ ಹೊಡೆದು ಮಾಡುವ ಆಳದ ಕೆತ್ತನೆಯಲ್ಲಿ ನಿಜವಾದ ಜಾಣ್ಮೆ ಇರುವುದು ಸ್ಟಿಕ್ಕರ್ ಬಿಚ್ಚುವ ಕ್ರಮದಲ್ಲಿ. 12 ಮಿಲಿಮೀಟರ್ ಗಾಜಿನ ಹಿಂಬದಿಗೆ ದಪ್ಪ ಸ್ಟಿಕ್ಕರ್ ಅಂಟಿಸಿ, ಕಮಲದ ಎಲ್ಲ ಎಸಳನ್ನೂ ಬ್ಲೇಡಿನಲ್ಲಿ ಕೊಯ್ದಿರುತ್ತಾರೆ. ನೋಡುವವರಿಗೆ ಎಲ್ಲಕ್ಕಿಂತ ಮುಂದೆ ಕಾಣಬೇಕಾದ ಎಸಳನ್ನು ಮೊದಲು ಬಿಚ್ಚಿ ಆಳಕ್ಕೆ ಹೊಡೆಯುತ್ತಾರೆ. ನಂತರ ಅದರ ಹಿಂದಿನದು, ಸ್ವಲ್ಪ ಕಡಿಮೆ ಆಳ. ಕೊನೆಗೆ ಎಲೆ, ನೀರಿನ ಗೆರೆ, ಬರೀ ಮಂಜು ಹಿಡಿದಷ್ಟು. ಅತಿ ಆಳವೆಂದರೂ ಗಾಜಿನ ದಪ್ಪದ ಮೂರನೇ ಒಂದು ಭಾಗ. ಹಿಂದಿನಿಂದ ಕೆತ್ತಿದ್ದು ಮುಂದಿನಿಂದ ಉಬ್ಬಿದಂತೆ ಕಾಣುವುದರಿಂದ ಈ ಕ್ರಮ ಒಂದು ಕಡೆ ತಪ್ಪಿದರೂ ಹಿಂದಿನ ಎಸಳು ಮುಂದಿನದರ ಮೇಲೆ ಹತ್ತಿ ಕೂತಂತೆ ಆಗುತ್ತದೆ. ಕೆತ್ತನೆಗೆ ಗಾಳಿಯ ಒತ್ತಡ 40 ಪಿಎಸ್‌ಐ (ಚದರ ಇಂಚಿಗೆ 40 ಪೌಂಡ್) ಆಸುಪಾಸು ಇದ್ದರೆ ಸಾಕು ಎಂದರು. ಬೇಗ ಮುಗಿಯಲಿ ಎಂದು 80ಕ್ಕೆ ಏರಿಸಿದರೆ ಸ್ಟಿಕ್ಕರಿನ ಅಂಚು ಎದ್ದು ಗೆರೆ ಮಸುಕಾಗುತ್ತದೆ. ಮಳೆಗಾಲದ ತೊಂದರೆಯೇ ಬೇರೆ: ಕಂಪ್ರೆಸರಿನ ಗಾಳಿಯಲ್ಲಿ ನೀರು ಸೇರಿ ಪುಡಿ ಮುದ್ದೆಯಾಗಿ ನಳಿಗೆ ಕಟ್ಟಿಕೊಳ್ಳುತ್ತದೆ. ದಿನಕ್ಕೆರಡು ಸಲ ಟ್ಯಾಂಕಿನ ತಳದ ನಲ್ಲಿ ತಿರುವಿ ನೀರು ಬಿಡಬೇಕು.

ಹೊಡೆಯುವ ಪುಡಿ ಅಲ್ಯುಮಿನಿಯಂ ಆಕ್ಸೈಡು, 100ರಿಂದ 120ರ ಗ್ರಿಟ್ (ಕಣದ ನಯದ ಅಳತೆ). ಹೊಳೆ ಮರಳು ಅಗ್ಗವೆಂದು ಕೆಲವು ಕಡೆ ಅದನ್ನೇ ಹಾಕುವುದುಂಟು. ಮಾಡಲೇಬಾರದ ಕೆಲಸ ಅದು. ಸಿಲಿಕಾ ಧೂಳು ಪುಪ್ಪಸದಲ್ಲಿ ಕೂತರೆ ಸಿಲಿಕೋಸಿಸ್, ಅದನ್ನು ವಾಸಿ ಮಾಡುವ ಔಷಧಿಯಿಲ್ಲ. ಈ ಶೆಡ್ಡಿನಲ್ಲಿ ಮುಚ್ಚಿದ ಡಬ್ಬಿಯೊಳಗೆ ಕೈಗವಸು ತೂರಿಸಿ ಹೊಡೆಯುತ್ತಿದ್ದರು, ಮೇಲೆ ಮಾಸ್ಕು. ಹುಡುಗರು ಮಾಸ್ಕು ತೆಗೆದರೆ ಆ ಹೊತ್ತಿನ ಕೆಲಸ ಬಂದ್. ಆ ಶಿಸ್ತು ಕಮಲಕ್ಕಿಂತ ಹೆಚ್ಚು ಮನಸ್ಸಿನಲ್ಲಿ ಉಳಿಯಿತು.

ಎರಡನೇ ದಿನ: ಸಂಡೂರು

ತೋರಣಗಲ್ಲು ದಾಟಿ ಸಂಡೂರಿನ ಕಡೆ ತಿರುಗಿದ ಮೇಲೆ ರಸ್ತೆ ಅದಿರಿನ ಲಾರಿಗಳದ್ದು. ಬೇವಿನ ಎಲೆ, ಜಾಲಿ ಮುಳ್ಳು, ಮೈಲಿಗಲ್ಲು, ಎಲ್ಲದರ ಮೇಲೂ ಕುಂಕುಮದಂಥ ಧೂಳು. ಇಲ್ಲೇ ಒಂದು ನಷ್ಟವಾಯಿತು. ಕಾರಿನ ಮುಂಗಾಜಿನ ಮೇಲೆ ಧೂಳು ಕೂತಿತೆಂದು ಚಾಲಕ ನೀರಿಲ್ಲದೆ ವೈಪರ್ ಹಾಕಿದರು. ಎರಡು ಸುತ್ತಿಗೆ ಗಾಜಿನ ಮೇಲೆ ಕಾಮನಬಿಲ್ಲಿನ ಆಕಾರದ ಗೀರು. ಕಬ್ಬಿಣದ ಅದಿರು ಹೆಮಟೈಟಿನ ಗಡಸುತನ ಮೋಸ್ ಅಳತೆಯಲ್ಲಿ ಐದೂವರೆಯಿಂದ ಆರೂವರೆ, ಸಾದಾ ಗಾಜಿನದು ಐದೂವರೆಯ ಆಸುಪಾಸು. ಅಂದರೆ ಆ ಧೂಳು ಗಾಜಿಗೆ ಉಪ್ಪುಕಾಗದ ಇದ್ದಂತೆ. ಈ ರಸ್ತೆಯಲ್ಲಿ ಎರಡು ಬಾಟಲಿ ನೀರು ಕೈಗೆ ಸಿಗುವಂತಿರಲಿ. ಮೊದಲು ಸುರಿದು ತೊಳೆಯಬೇಕು, ಒರೆಸುವುದು ಆಮೇಲೆ. ಕ್ಯಾಮೆರಾದ ಲೆನ್ಸಿಗೂ ಇದೇ ಮಾತು. ಹಾಳಾದದ್ದು ಹಾಳಾಯಿತೆಂದು ರಸ್ತೆ ಬದಿಯ ಧೂಳನ್ನೇ ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿಟ್ಟುಕೊಂಡೆವು. ರಾಯಚೂರಿನ ಕುಲುಮೆಗೆ ಅದರ ಕೆಲಸವಿತ್ತು.

ಕಣಿವೆಯೊಳಗೆ ಇಳಿದಂತೆ ಬೆಟ್ಟಗಳು ಹಸಿರು, ಗಾಳಿಯೂ ತಂಪು. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಹೆಣ್ಣುಮಕ್ಕಳ 1755 ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯಾಗಿತ್ತು. ಕಸೂತಿಯ ಬಗ್ಗೆ ಬರೆದವರು ಬಹಳ ಜನ. ಅದರೊಳಗೆ ಕೂತ ಕನ್ನಡಿಯ ಬಗ್ಗೆ ಅಷ್ಟಾಗಿ ಬಂದಿಲ್ಲ. ನಾವು ಹೋದದ್ದು ಕನ್ನಡಿಗಾಗಿ.

ತಾಂಡಾದ ಮನೆಯೊಂದರ ಕಟ್ಟೆಯ ಮೇಲೆ ನಾಲ್ವರು ಹೊಲಿಯುತ್ತ ಕೂತಿದ್ದರು. ಹಿರಿಯಾಕೆ ಟ್ರಂಕಿನಿಂದ ತಮ್ಮ ತಾಯಿಯ ಫೇಟಿಯಾ (ಲಂಗ), ಕಾಂಚಳಿ (ಕುಪ್ಪಸ) ತಂದು ಹಾಸಿದರು. ಹಳೆಯ ಕನ್ನಡಿಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ವ್ಯತ್ಯಾಸ ಕಣ್ಣಿಗೆ ಹೊಡೆಯಿತು. ಹಳೆಯದು ತೆಳು, ಹಗುರ, ನಡುವೆ ತುಸು ಉಬ್ಬು. ಬಿಸಿಲು ಬಿದ್ದರೆ ಒಂದೊಂದು ಒಂದೊಂದು ಕಡೆ ಮಿಂಚುತ್ತದೆ. ಹೊಸದು ಚಪ್ಪಟೆ, ಎಲ್ಲವೂ ಒಂದೇ ದಿಕ್ಕಿಗೆ ಹೊಳೆಯುತ್ತವೆ.

ಆ ಉಬ್ಬಿಗೆ ಕಾರಣವಿದೆ. ಗುಜರಾತಿನ ಕಪಡ್ವಂಜ್‌ನಲ್ಲಿ ಇಂಥ ಕನ್ನಡಿಯನ್ನು ಹಾಳೆಯಿಂದ ಕತ್ತರಿಸುವುದಿಲ್ಲ. ಕರಗಿದ ಗಾಜನ್ನು ಕೊಳವೆಯಿಂದ ಊದಿ ದೊಡ್ಡ ತೆಳು ಬುಗ್ಗೆ ಮಾಡುತ್ತಾರೆ. ಅದರೊಳಕ್ಕೆ ಕರಗಿದ ಸೀಸದ ಮಿಶ್ರಲೋಹ ಸುರಿದು, ಒಳಮೈಗೆಲ್ಲ ಹತ್ತುವಂತೆ ತಿರುಗಿಸುತ್ತಾರೆ. ಆರಿದ ಮೇಲೆ ಬುಗ್ಗೆಯನ್ನು ಒಡೆದು ಚೂರನ್ನು ಬೇಕಾದ ಆಕಾರಕ್ಕೆ ಕತ್ತರಿಸುತ್ತಾರೆ. ಪ್ರತಿ ಚೂರೂ ಒಂದು ಗೋಲದ ತುಣುಕು, ಅದಕ್ಕೇ ಆ ಉಬ್ಬು. ಈಗಿನ ಪೇಟೆಯ ಚೂರು ಯಂತ್ರದಲ್ಲಿ ಕತ್ತರಿಸಿದ ಸಾದಾ ಕನ್ನಡಿ, ಬೆನ್ನಿಗೆ ಬೆಳ್ಳಿಯ ಲೇಪ, ಅದರ ಮೇಲೆ ಬಣ್ಣ.

"ಹೊಸ ಕನ್ನಡಿ ಛಲೋ ಕಾಣತೈತಿ ಅಣ್ಣಾ, ಆದ್ರ ದಾರ ಕಡೀತೈತಿ" ಎಂದರು ಹಿರಿಯಾಕೆ. ಇಲ್ಲಿಯೂ ಮಾತು ಅಂಚಿಗೇ ಬಂತು. ಯಂತ್ರದ ಚೂರಿನ ಅಂಚು ಚೂಪು. ತೊಳೆದು ಒಣಗಿಸಿ ಉಟ್ಟಂತೆಲ್ಲ ದಾರ ಸವೆದು ಒಂದು ವರ್ಷದೊಳಗೆ ಕನ್ನಡಿ ಉದುರುತ್ತದೆ. ಹಾಗಾಗಿ ಹೊಲಿಯುವ ಮೊದಲು ಪ್ರತಿ ಚೂರನ್ನೂ ಸಾಣೆಕಲ್ಲಿನ ಮೇಲೆ ನೀರು ಹಾಕಿ ಸುತ್ತ ಉಜ್ಜುತ್ತಾರೆ. ಒಣಗಿದ ಕಲ್ಲಿನ ಮೇಲೆ ಉಜ್ಜಿದರೆ ಬೆಳ್ಳಿಯ ಲೇಪ ಅಂಚಿನಿಂದ ಚಕ್ಕೆ ಏಳುತ್ತದೆ, ಅಲ್ಲಿಂದಲೇ ತೇವ ಒಳಹೊಕ್ಕು ಕಪ್ಪಾಗುತ್ತದೆ. ಸೋಡಾ ಹಾಕಿ ಒಗೆಯುವುದು, ರಾತ್ರಿಯಿಡೀ ನೆನೆಸಿಡುವುದು ಬೇಡ. ಕನ್ನಡಿ ಕಸೂತಿಯ ಬಟ್ಟೆ ಕೊಂಡವರು ಇದಿಷ್ಟು ನೆನಪಿಟ್ಟರೆ ಬಹಳ ಕಾಲ ಬಾಳುತ್ತದೆ.

ಕನ್ನಡಿಗೆ ತೂತಿಲ್ಲ, ಅಂಟೂ ಇಲ್ಲ. ಬರೀ ದಾರ ಹಿಡಿದಿಡಬೇಕು. ಮೊದಲು ಚೂರಿನ ಮೇಲೆ ಅಡ್ಡ ಎರಡು, ಉದ್ದ ಎರಡು ಎಳೆ, ಒಂದರ ಕೆಳಗೆ ಒಂದು ತೂರಿಸಿ ಕಿಟಕಿಯ ಸರಳಿನಂತೆ. ಅದರ ಮೇಲೆ ಓರೆಯಾಗಿ ಇನ್ನೂ ನಾಲ್ಕು. ಈ ಚೌಕಟ್ಟನ್ನು ಅಂಚಿಗೆ ಹತ್ತಿರ ಹಾಕುವುದು ಹೊಸಬರೆಲ್ಲ ಮಾಡುವ ತಪ್ಪು. ಆಮೇಲೆ ಸುತ್ತಲೂ ಹಾಕುವ ಹೊಲಿಗೆಯ ಪ್ರತಿ ಕುಣಿಕೆಯೂ ಆ ಎಳೆಗಳನ್ನು ಹೊರಕ್ಕೆ ಎಳೆಯುತ್ತದೆ. ಅಂಚಿನಲ್ಲೇ ಇದ್ದ ಎಳೆ ಜಾರಿ ಆಚೆ ಬೀಳುತ್ತದೆ. ಚೌಕಟ್ಟು ಕನ್ನಡಿಯ ನಡುವಿಗೆ ಹತ್ತಿರ, ನೋಡಲು ಚಿಕ್ಕದಾಯಿತು ಅನ್ನಿಸುವಷ್ಟು ಒಳಗೆ ಇರಬೇಕು. ಮುಗಿಯುವ ಹೊತ್ತಿಗೆ ತಾನಾಗಿ ಅಗಲವಾಗಿ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತದೆ. ನಂತರ ಸೂಜಿ ಚೌಕಟ್ಟಿನ ಎಳೆಯ ಕೆಳಗೆ ಹೋಗಿ, ಕನ್ನಡಿಯ ಬುಡದ ಬಟ್ಟೆಯಲ್ಲಿ ಅಕ್ಕಿಕಾಳಿನಷ್ಟು ಕಚ್ಚಿ, ದಾರದ ಕುಣಿಕೆಯೊಳಗಿಂದ ಮೇಲೆ ಬರಬೇಕು. ಮುಕ್ಕಾಲು ಇಂಚಿನ ಕನ್ನಡಿಗೆ ಇಂಥ ಕುಣಿಕೆ ಮೂವತ್ತರ ಮೇಲೆ. ಹಿರಿಯಾಕೆ ಒಂದು ಕನ್ನಡಿಯನ್ನು ಮಾತಾಡುತ್ತ ಮಾತಾಡುತ್ತಲೇ ಮುಗಿಸಿದರು. ಪಕ್ಕದ ಹುಡುಗಿ ಅಷ್ಟು ಹೊತ್ತಿಗೆ ಚೌಕಟ್ಟಿನಲ್ಲೇ ಇದ್ದಳು, ಎರಡು ಸಲ ಬಿಚ್ಚಿದ್ದಳು.

ಕನ್ನಡಿಯ ಬದಲು ಹೊಳೆಯುವ ಪ್ಲಾಸ್ಟಿಕ್ ಬಿಲ್ಲೆ ಹೊಲಿದ ಚೀಲಗಳೂ ಪೇಟೆಯಲ್ಲಿವೆ. ಗುರುತಿಸುವುದು ಸುಲಭ. ಗಾಜು ಕೆನ್ನೆಗೆ ತಾಗಿಸಿದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ ಇರುವುದಿಲ್ಲ. ಕೈಹೊಲಿಗೆಯ ಬೆಲೆ ಕೊಟ್ಟು ಪ್ಲಾಸ್ಟಿಕ್ ಕೊಳ್ಳಬೇಡಿ.

ಮೂರನೇ ದಿನ: ಕೊಪ್ಪಳ

ಹೊಸಪೇಟೆ, ಮುನಿರಾಬಾದ್ ಮೇಲೆ ಕೊಪ್ಪಳ ಸೇರಲು ಬೆಳಗಿನ ಎರಡು ಗಂಟೆ ಸಾಕು. ಗವಿಮಠದ ಜಾತ್ರೆಯ ತೇರು ಎಳೆದು ಆಗಿತ್ತು, ಅಂಗಡಿಗಳಿನ್ನೂ ಎದ್ದಿರಲಿಲ್ಲ. ದಾಸೋಹದಲ್ಲಿ ಜೋಳದ ರೊಟ್ಟಿಯ ಬಣವೆಯ ಮುಂದೆ ಕೂತು ಪಲ್ಯ, ಪುಡಿ ಚಟ್ನಿ, ಮಾದಲಿ ಉಂಡೆವು. ಬಡಿಸುವವರು ಬೇಡವೆಂದರೂ ಬಿಡುವುದಿಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ರೊಟ್ಟಿ ಬೀಳುತ್ತದೆ.

ಊರೊಳಗೆ ಬೋರ್ಡ್ ಬರೆಯುವ ಹಿರಿಯರೊಬ್ಬರು ಗಾಜಿನ ಹಿಂಬದಿಯಿಂದ ದೇವರ ಚಿತ್ರ ಬರೆಯುತ್ತಾರೆ. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ಹೋಯಿತು, ಗಾಜಿನ ಕೆಲಸ ಉಳಿಯಿತು. 18ನೇ ಶತಮಾನದಲ್ಲಿ ಚೀನಾದ ಹಡಗುಗಳ ಜೊತೆ ಈ ದೇಶಕ್ಕೆ ಬಂದ ವಿದ್ಯೆಯಿದು, ಮುಂದೆ ಮೈಸೂರು, ತಂಜಾವೂರುಗಳಲ್ಲಿ ನೆಲೆ ಕಂಡಿತು. ಕಾಗದದ ಮೇಲೆ ಬರೆಯುವವರು ಹಿನ್ನೆಲೆಯಿಂದ ಶುರು ಮಾಡಿ ಕಣ್ಣಿನ ಬೊಟ್ಟಿನಲ್ಲಿ ಮುಗಿಸುತ್ತಾರೆ. ಇಲ್ಲಿ ಕಣ್ಣಿನ ಬೊಟ್ಟೇ ಮೊದಲು.

ನಾವು ಹೋದಾಗ ಗಣಪತಿ ನಡೆದಿತ್ತು. 3 ಮಿಲಿಮೀಟರ್ ಗಾಜನ್ನು ಚಾಕ್ ಪುಡಿ, ಸ್ಪಿರಿಟ್ಟಿನಲ್ಲಿ ಉಜ್ಜಿ, ಅಡಿಗೆ ರೇಖಾಚಿತ್ರ ಇಟ್ಟಿದ್ದರು. ಚಿತ್ರವನ್ನು ಮೊದಲೇ ತಿರುವುಮುರುವು ಬರೆದಿರಬೇಕು. ಗಣಪತಿಯ ಸೊಂಡಿಲು ಎಡಕ್ಕೆ ಬೇಕಿದ್ದರೆ ಬರೆಯುವವರ ಕಣ್ಣಿಗೆ ಅದು ಬಲಕ್ಕೆ ಕಾಣಬೇಕು. "ಒಮ್ಮೆ ಮರತು ಹಂಗ ಬರದೆ ನೋಡ್ರಿ, ಬಲಮುರಿ ಆಗಿಬಿಡ್ತು. ಮನ್ಯಾಗ ಇಡಂಗಿಲ್ಲಂತ ಹೊಳ್ಳಿ ಕಳಿಸಿದ್ರು" ಎಂದರು. ಬಲಮುರಿಗೆ ಮಡಿ ಹೆಚ್ಚು, ಸಾಮಾನ್ಯ ಮನೆಯವರು ಒಪ್ಪುವುದಿಲ್ಲ. ಗಾಜಿನ ಮೇಲಿನ ಒಂದು ಮರೆವು ಪೂಜೆಯ ಕ್ರಮವನ್ನೇ ಬದಲಿಸಿಬಿಡುತ್ತದೆ.

ಮೊದಲ ದಿನ ಕಪ್ಪು ಹೊರಗೆರೆ, ಕಣ್ಣಿನ ಬೊಟ್ಟು. ಎರಡನೇ ದಿನ ಕಣ್ಣಿನ ಬಿಳಿ, ಹಣೆಯ ವಿಭೂತಿ, ಜರತಾರಿ ಅಂಚಿನ ಚುಕ್ಕೆ. ಮೂರನೇ ದಿನ ಕೆನ್ನೆಯ ನೆರಳು, ಬಟ್ಟೆಯ ಮಡಿಕೆ. ಆಮೇಲೆ ಮೈಬಣ್ಣ, ಕೊನೆಗೆ ಹಿನ್ನೆಲೆ. ಒಂದು ಪದರ ಪೂರ್ತಿ ಒಣಗದೆ ಮುಂದಿನದು ಹಚ್ಚಿದರೆ ಹೊಸ ಎನಾಮೆಲ್ಲಿನ ಟರ್ಪೆಂಟೈನ್ ಹಳೆಯ ಗೆರೆಯನ್ನು ಕರಗಿಸಿ ಎಳೆದುಕೊಂಡು ಹೋಗುತ್ತದೆ. ತಪ್ಪಾದರೆ ಮೇಲೆ ಬಳಿದು ಮುಚ್ಚುವಂತಿಲ್ಲ, ಏಕೆಂದರೆ ನೋಡುವವರಿಗೆ ಕಾಣುವುದು ಮೊದಲು ಬಿದ್ದ ಬಣ್ಣ. ಬ್ಲೇಡಿನಲ್ಲಿ ಕೆರೆದು ಅಲ್ಲಿಂದ ಮತ್ತೆ ಶುರು. ಕಿರೀಟ, ಹಾರಗಳ ಜಾಗವನ್ನು ಬಣ್ಣ ಹಚ್ಚದೆ ಖಾಲಿ ಬಿಟ್ಟಿದ್ದರು. ಅಲ್ಲಿಗೆ ಸುಕ್ಕು ಮಾಡಿದ ತವರದ ಹಾಳೆಯನ್ನು ಹಿಂದಿನಿಂದ ಇಟ್ಟಾಗ ಗಣಪತಿಯ ಕೊರಳಿಗೆ ದೀಪ ಹಚ್ಚಿದಂತಾಯಿತು.

ಕಟ್ಟು ಹಾಕುವಾಗ ಹಿಂದಿನ ಹಲಗೆ ಬಣ್ಣಕ್ಕೆ ತಾಗಬಾರದು. ಸುತ್ತ ತೆಳು ರಟ್ಟಿನ ಪಟ್ಟಿ ಕೊಟ್ಟು ಸಂದು ಬಿಡಬೇಕು, ಅಂಚಿಗೆ ಕಾಗದದ ಟೇಪು ಸುತ್ತಬೇಕು. ಟೇಪಿಲ್ಲದ ಅಂಚಿನಿಂದ ತೇವ ನುಸುಳಿ, ಬೇಸಿಗೆಯಲ್ಲಿ ಗಾಜೂ ಬಣ್ಣವೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ, ಬಣ್ಣ ಹಪ್ಪಳದಂತೆ ಏಳುತ್ತದೆ. ಬಿಸಿಲು ಬೀಳುವ ಗೋಡೆಗೆ ಈ ಚಿತ್ರ ಹಾಕಬಾರದು.

ಸಂಜೆ ಕಿನ್ನಾಳಕ್ಕೆ ಹೋಗಿಬಂದೆವು. ಅಲ್ಲಿಯದು ಮರದ ಕೆಲಸ, ಗಾಜಿನದಲ್ಲ. ತಿರುಗಿ ಬರುವಾಗ ಜಾತ್ರೆಯ ಬಳೆ ಅಂಗಡಿಯಲ್ಲಿ ಒಡೆದ ಗಾಜಿನ ಬಳೆ ಕೇಳಿದೆವು. ಬಳೆಗಾರ್ತಿ ಒಂದು ಕ್ಷಣ ಸುಮ್ಮನಾದರು. ಒಡೆದ ಬಳೆಯನ್ನು ಕೇಳಿ ಒಯ್ಯುವುದು ಶುಭವಲ್ಲ. "ಒಡದಾವು ಅನಬಾರದ್ರೀ, ಹೆಚ್ಚಾಗ್ಯಾವು ಅನಬೇಕು" ಎಂದು ತಿದ್ದಿ, ಹಸಿರು, ಕೆಂಪು, ನೀಲಿಯ ಒಂದು ಹಿಡಿ ಚೂರು ಕಾಗದದಲ್ಲಿ ಕಟ್ಟಿಕೊಟ್ಟರು. ದುಡ್ಡು ಮುಟ್ಟಲಿಲ್ಲ.

ನಾಲ್ಕನೇ ದಿನ: ಮಸ್ಕಿ, ರಾಯಚೂರು

ಗಂಗಾವತಿಯಿಂದ ಸಿಂಧನೂರಿನವರೆಗೆ ಕಾಲುವೆ ನೀರಿನ ಭತ್ತದ ಗದ್ದೆಗಳು. ಮಸ್ಕಿಯ ಹೊತ್ತಿಗೆ ನೆಲ ಒಣಗಿ ಬಂಡೆಗುಡ್ಡ ಶುರು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಇಲ್ಲಿ ಕಂಡ ಶಾಸನದಲ್ಲಿ 'ಅಶೋಕ' ಎಂಬ ಹೆಸರೇ ಇತ್ತು. ಬೇರೆ ಶಾಸನಗಳಲ್ಲಿ ಬಿರುದಾಗಿ ಮಾತ್ರ ಬರುವ ದೇವಾನಾಂಪ್ರಿಯ ಯಾರೆಂಬ ಪ್ರಶ್ನೆ ಅದರಿಂದ ಬಗೆಹರಿಯಿತು. ಇದೇ ಮಸ್ಕಿಯಲ್ಲಿ 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಉತ್ಖನನ ಮಾಡಿದ್ದರು. ಇಲ್ಲಿನ ನೆಲದಲ್ಲಿ ಸಿಕ್ಕ ಪ್ರಾಚೀನ ಮಣಿಗಳಲ್ಲಿ ಗಾಜಿನವೂ ಇವೆ. ಈ ಸೀಮೆಯ ಹೆಣ್ಣುಮಕ್ಕಳ ಕೊರಳಿಗೆ ಗಾಜು ಬಂದದ್ದು ನಿನ್ನೆ ಮೊನ್ನೆಯಲ್ಲ.

ಹಟ್ಟಿ ಇಲ್ಲಿಂದ ದೂರವಿಲ್ಲ. ಗಾಜಿಗೆ ಮಾಣಿಕ್ಯದ ಕೆಂಪು ಬರುವುದು ಚಿನ್ನದಿಂದ. ಬೇಕಾಗುವುದು ಸಾವಿರಕ್ಕೆ ಒಂದು ಭಾಗಕ್ಕಿಂತಲೂ ಕಡಿಮೆ. ಕರಗಿಸಿ ತೆಗೆದಾಗ ಗಾಜು ಬಣ್ಣವಿಲ್ಲದೆ ಇರುತ್ತದೆ. ಮತ್ತೆ ಕಾಯಿಸಿದಾಗ ಚಿನ್ನದ ಕಣಗಳು ಗುಂಪುಗೂಡಿ ಕೆಂಪು ಮೂಡುತ್ತದೆ.

ಸಂಜೆ ನಾಲ್ಕಕ್ಕೆ ರಾಯಚೂರು. ನಿವೃತ್ತ ಡ್ರಾಯಿಂಗ್ ಶಿಕ್ಷಕಿಯೊಬ್ಬರು ಮನೆಯ ಹಿತ್ತಲಲ್ಲಿ ವಿದ್ಯುತ್ ಕುಲುಮೆ ಇಟ್ಟು ಗಾಜನ್ನು ಬೆಸೆಯುತ್ತಾರೆ. ಅಂಗಡಿಗಳು ಎಸೆಯುವ ಕಿಟಕಿ ಗಾಜೇ ಅವರ ಸಾಮಗ್ರಿ. ಎಲ್ಲರೂ ಟೀಚರ್ ಎನ್ನುತ್ತಾರೆ, ನಾವೂ ಹಾಗೇ ಅಂದೆವು. ಹೊರದೇಶದ ಗುಲಾಬಿ ಗಾಜಿನ ಹಾಳೆಯೊಂದನ್ನು ತೋರಿಸಿದರು, ಅದರ ಬಣ್ಣವೂ ಚಿನ್ನದ್ದೇ. ಆದರೆ ಅದನ್ನು ಕಿಟಕಿ ಗಾಜಿನ ಜೊತೆ ಬೆಸೆಯುವಂತಿಲ್ಲ. ಕಲಾವಿದರ ಗಾಜುಗಳನ್ನು ಅವು ಹಿಗ್ಗುವ ಪ್ರಮಾಣದಿಂದ 90, 96 ಎಂದು ಗುರುತಿಸುತ್ತಾರೆ. ಕಿಟಕಿ ಗಾಜು 85ರ ಆಸುಪಾಸು. ಬಿಸಿಯಲ್ಲಿ ಎರಡೂ ಒಂದಾಗಿ ಕರಗುತ್ತವೆ. ಆರುವಾಗ ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. ಅಲ್ಲಿಗೆ ಬಿರುಕು.

ಹತ್ತು ಸೆಂಟಿಮೀಟರ್ ಚೌಕದ ಆರು ಜೋಡಿ ತುಂಡು ಸಿದ್ಧವಾದವು. ಪ್ರತಿ ಜೋಡಿಯೂ ಒಂದೇ ಹಾಳೆಯದು, 3 ಮಿಲಿಮೀಟರಿನ ಎರಡು ಪದರ. ಕರಗಿದ ಗಾಜು ತನ್ನ ಪಾಡಿಗೆ ಬಿಟ್ಟರೆ ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಬಂದು ನಿಲ್ಲಲು ನೋಡುತ್ತದೆ. ಒಂದೇ ಪದರವಿದ್ದರೆ ಅಂಚು ಒಳಕ್ಕೆ ಎಳೆದುಕೊಂಡು ಸೊಟ್ಟಾಗುತ್ತದೆ, ಮೂರಿದ್ದರೆ ಹೊರಕ್ಕೆ ಹರಿಯುತ್ತದೆ, ಎರಡಿದ್ದರೆ ಚೌಕ ಚೌಕವಾಗೇ ಉಳಿಯುತ್ತದೆ. ಒಂದು ಜೋಡಿ ಖಾಲಿ. ಒಂದರ ನಡುವೆ ಸಂಡೂರು ರಸ್ತೆಯ ಧೂಳು. ಒಂದರಲ್ಲಿ ಮ್ಯಾಂಗನೀಸ್ ಡೈಆಕ್ಸೈಡಿನ ಪುಡಿ. ಉಳಿದ ಮೂರರಲ್ಲಿ ಕೊಪ್ಪಳದ ಬಳೆ. ಬಳೆಯ ಹಿಗ್ಗು ಬೇರೆ, ಬೇಡವೆಂದು ಟೀಚರ್ ಹೇಳಿದರು, ಆಮೇಲೆ "ಮಾಡಿ ನೋಡಿದ್ರ ಗೊತ್ತಾಗತದ, ಇಡ್ರಿ" ಎಂದು ತಾವೇ ಜೋಡಿಸಿದರು.

ಕುಲುಮೆಯ ಹಲಗೆಗೆ ಅಲ್ಯುಮಿನಾ ಮತ್ತು ಚೀನೀ ಮಣ್ಣಿನ ತೆಳು ಗಂಜಿಯನ್ನು ನಾಲ್ಕು ಸಲ, ಪ್ರತಿ ಸಲ ದಿಕ್ಕು ಬದಲಿಸಿ ಬಳಿದು ಒಣಗಿಸಿದ್ದರು. ಇಲ್ಲದಿದ್ದರೆ ಗಾಜು ಹಲಗೆಗೆ ಅಂಟಿ ಎರಡೂ ಹೋಗುತ್ತವೆ. ಐದು ಗಂಟೆಗೆ ಸ್ವಿಚ್ ಹಾಕಿದರು. ಗಂಟೆಗೆ 120 ಡಿಗ್ರಿಯಂತೆ 560 ಡಿಗ್ರಿ ಸೆಲ್ಸಿಯಸ್‌ವರೆಗೆ. ಇಲ್ಲಿಯವರೆಗೆ ಗಾಜು ಗಟ್ಟಿಯೇ, ಅವಸರ ಮಾಡಿದರೆ ಇಲ್ಲೇ ಒಡೆಯುವುದು. ನಂತರ 680ರಲ್ಲಿ ಅರ್ಧ ಗಂಟೆ. ಮೇಲಿನ ಪದರ ಮೆತ್ತಗೆ ಕೂತು ನಡುವಿನ ಗಾಳಿ ಅಂಚಿನಿಂದ ಹೊರಡಲು ಅಷ್ಟು ಹೊತ್ತು ಬೇಕು. ಬಳಿಕ 820ಕ್ಕೆ ಏರಿ 12 ನಿಮಿಷ. ಅಲ್ಲಿಂದ ಬೇಗನೆ 550ಕ್ಕೆ ಇಳಿಯಬೇಕು. 700-800ರ ನಡುವೆ ಹೆಚ್ಚು ಹೊತ್ತು ನಿಂತರೆ ಮೇಲ್ಮೈ ಹರಳುಗಟ್ಟಿ ಹಾಲಿನ ಕೆನೆಯಂತೆ ಮಸುಕಾಗುತ್ತದೆ. 550ರಲ್ಲಿ ಒಂದು ಗಂಟೆ, ನಂತರ ಗಂಟೆಗೆ 60 ಡಿಗ್ರಿಯಂತೆ 400ರವರೆಗೆ, ಮುಂದೆ ತಾನಾಗಿ ಆರಲು ಬಿಡಬೇಕು. ಗಾಜು ಗಟ್ಟಿಯೋ ಪೊಳ್ಳೋ ಎಂಬುದು ಈ ಕೊನೆಯ ಇಳಿತದಲ್ಲಿ ತೀರ್ಮಾನವಾಗುತ್ತದೆ.

ರಾತ್ರಿ ಒಂದೂಕಾಲಿಗೆ ಕರೆಂಟು ಹೋಯಿತು. ಕುಲುಮೆ 550ಕ್ಕೆ ಬಂದು ಅರ್ಧ ಗಂಟೆಯಾಗಿತ್ತಷ್ಟೆ. ಟೀಚರ್ ಟಾರ್ಚ್ ಹಿಡಿದು ಬಂದು ಮುಚ್ಚಳ ಮುಟ್ಟಲಿಲ್ಲ. ನೋಡುವ ತೂತಿಗೆ ಬಿರಡೆ ಹಾಕಿ, ಮುಚ್ಚಳದ ಸಂದಿಗೆ ಸೆರಾಮಿಕ್ ಉಣ್ಣೆ ತುರುಕಿ, ಮಾಪಕ ನೋಡುತ್ತ ಕೂತರು. ಏರುವಾಗ ಕರೆಂಟು ಹೋದರೆ ಚಿಂತೆಯಿಲ್ಲ, ಮತ್ತೆ ಮೊದಲಿಂದ ಏರಿಸಬಹುದು. ಇಳಿಯುವಾಗ ಹೋದರೆ ಇಟ್ಟಿಗೆಯ ಬಿಸಿಯನ್ನೇ ನಂಬಬೇಕು. ನಲವತ್ತು ನಿಮಿಷಕ್ಕೆ 550 ಇದ್ದದ್ದು 480 ಆಯಿತು. ಕರೆಂಟು ಬಂದ ಮೇಲೆ ಮೆಲ್ಲಗೆ ಮತ್ತೆ 550ಕ್ಕೆ ಏರಿಸಿ ಇನ್ನೊಂದು ಗಂಟೆ ಪೂರ್ತಿ ನಿಲ್ಲಿಸಿದರು. ಕಳೆದುಹೋದ ಅರ್ಧ ಗಂಟೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಐದನೇ ದಿನ: ರಾಯಚೂರು

ಕುಲುಮೆ 45 ಡಿಗ್ರಿಗೆ ಇಳಿಯದೆ ತೆಗೆಯುವಂತಿಲ್ಲ. ಬೆಳಿಗ್ಗೆ ಕೋಟೆಗೆ ಹೋಗಿ 1294ರ ಶಾಸನವಿರುವ ಉದ್ದನೆಯ ಕಲ್ಲು ನೋಡಿ, ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಪುಡಿ ಉಂಡು ತಿರುಗಿದೆವು. ಮುಚ್ಚಳ ಎತ್ತಿದ್ದು ಸಂಜೆ ನಾಲ್ಕಕ್ಕೆ.

ಖಾಲಿ ಜೋಡಿಯ ಅಂಚು ಸೋಪಿನಂತೆ ದುಂಡಗಾಗಿತ್ತು, ಒಳಗೆ ಎರಡೇ ಗುಳ್ಳೆ. ಸಂಡೂರಿನ ಧೂಳು ಇಟ್ಟಿಗೆ ಕೆಂಪಾಗಿ ಹಾಗೇ ಇತ್ತು, ಸುತ್ತ ಸಾಸಿವೆ ಗಾತ್ರದ ಗುಳ್ಳೆ. ಮಣ್ಣಿನ ಕಣದಲ್ಲಿದ್ದ ನೀರು ಆವಿಯಾದ ಗುರುತು. ಧೂಳನ್ನು ಮೊದಲೇ ಒಂದು ಸಲ ಕುಲುಮೆಯಲ್ಲಿ ಸುಟ್ಟು ಬಳಸಿದರೆ ಗುಳ್ಳೆ ಕಡಿಮೆಯಾಗುತ್ತದೆ ಎಂದರು ಟೀಚರ್. ಮ್ಯಾಂಗನೀಸಿನ ಜೋಡಿಯಲ್ಲಿ ಗುಳ್ಳೆ ಇನ್ನೂ ದೊಡ್ಡವು, ಒಂದು ಮೇಲಕ್ಕೆ ಒಡೆದು ಕುಳಿಯಾಗಿತ್ತು. ಆ ಪುಡಿ ಕಾದಾಗ ಆಮ್ಲಜನಕ ಬಿಡುತ್ತದೆ. ನೇರಳೆ ಬಂದಿರಲಿಲ್ಲ, ಪುಡಿ ಕಪ್ಪಾಗೇ ಇತ್ತು. ನೇರಳೆ ಬೇಕಿದ್ದರೆ 1400 ಡಿಗ್ರಿಯ ಮೇಲೆ ಗಾಜಿನ ಜೊತೆಗೇ ಕರಗಬೇಕು. ಸ್ವಲ್ಪವೇ ಹಾಕಿದರೆ ಅದು ಕಬ್ಬಿಣದ ಹಸಿರನ್ನು ಕಳೆಯುತ್ತದೆ. ಗಾಜು ಮಾಡುವವರು ಶತಮಾನಗಳಿಂದ ಅದನ್ನು ಗಾಜಿನ ಸೋಪು ಎಂದೇ ಕರೆದದ್ದು ಅದಕ್ಕೆ. 820ರಲ್ಲಿ ಕರಗುವುದು ಗಾಜು ಮಾತ್ರ, ಅದಿರು ಕಲ್ಲಾಗೇ ಒಳಗೆ ಸಿಕ್ಕಿಕೊಳ್ಳುತ್ತದೆ.

ಬಳೆಯ ಮೂರೂ ಬಹಳ ಚೆನ್ನಾಗಿ ಬಂದಿದ್ದವು. ಹಸಿರು ಕಮಾನು, ಕೆಂಪು ಕಮಾನು, ಬಿರುಕಿಲ್ಲ, ಗುಳ್ಳೆಯಿಲ್ಲ. ಬೆಸೆದದ್ದು ನಿಂತಿತೆಂದೇ ನಾವೆಲ್ಲ ಅಂದುಕೊಂಡೆವು. ಟೀಚರ್ ಮಾತ್ರ ಒಳಗಿಂದ ಹಳೆಯ ಎಲ್‌ಸಿಡಿ ಪರದೆಯಿಂದ ಬಿಡಿಸಿದ, ಬೆಳಕನ್ನು ಸೋಸುವ ಪೋಲರೈಸಿಂಗ್ ಹಾಳೆಯ ಎರಡು ತುಂಡು ತಂದರು. ಒಂದರ ಹಿಂದೆ ಬಲ್ಬು ಹಚ್ಚಿ, ಇನ್ನೊಂದನ್ನು ಬೆಳಕು ಪೂರ್ತಿ ಕಪ್ಪಾಗುವವರೆಗೆ ತಿರುಗಿಸಿ, ನಡುವೆ ಖಾಲಿ ಜೋಡಿಯನ್ನು ಹಿಡಿದರು. ಕಪ್ಪು ಕಪ್ಪಾಗೇ ಉಳಿಯಿತು. ರಾತ್ರಿಯ ಕರೆಂಟಿನ ಪೆಟ್ಟನ್ನು ಆ ಗಾಜು ತಡೆದುಕೊಂಡಿತ್ತು. ಬಳೆಯ ತುಂಡನ್ನು ಹಿಡಿದರು. ಪ್ರತಿ ಚೂರಿನ ಸುತ್ತ, ಮಳೆಗಾಲದ ಚಂದ್ರನಿಗೆ ಕಟ್ಟುವ ಕೊಡೆಯ ಹಾಗೆ, ಬೆಳ್ಳಗೆ ಪ್ರಭೆ. ಗಾಜು ಒಳಗೊಳಗೇ ಎಳೆದಾಡುತ್ತಿರುವ ಜಾಗವೆಲ್ಲ ಹೀಗೆ ಬೆಳಗುತ್ತದೆ. ಒಂದು ತುಂಡಿನಲ್ಲಿ ಹಸಿರು ಬಳೆಯ ತುದಿ ಗಾಜಿನ ಅಂಚಿಗೆ ತೀರ ಹತ್ತಿರ ಬಂದಿತ್ತು, ಅಲ್ಲಿ ಪ್ರಭೆ ಎಲ್ಲಕ್ಕಿಂತ ದಟ್ಟ.

ಮೂರರ ಮೇಲೂ ಬಿರುಕು ಹೊರಡಬಹುದಾದ ಜಾಗಕ್ಕೆ ಚಾಕ್‌ಪೀಸಿನಲ್ಲಿ ಬಾಣ ಬರೆದು, ತಾರೀಖು ಹಾಕಿ, ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ನಿಲ್ಲಿಸಿದರು. ಕೈಗೆ ಕೊಡಲಿಲ್ಲ. "ಬ್ಯಾಗಿನ್ಯಾಗ ಒಡದ್ರ ಕೈ ಕೊಯ್ಕೋತೀರಿ" ಎಂದು ಖಾಲಿ ಜೋಡಿಯನ್ನೂ ಸಂಡೂರಿನ ಧೂಳಿನದನ್ನೂ ಪೇಪರಿನಲ್ಲಿ ಸುತ್ತಿ ಕೊಟ್ಟರು.

ಊರಿಗೆ ಬಂದ ಒಂಬತ್ತನೇ ದಿನ ಟೀಚರ್ ಫೋಟೊ ಕಳಿಸಿದರು. ಮೂರರಲ್ಲಿ ಎರಡು ಒಡೆದಿದ್ದವು. ಒಂದು ಬಾಣದ ತುದಿಯಿಂದಲೇ ಶುರುವಾಗಿ ಹಸಿರು ಕಮಾನಿನ ಬೆನ್ನು ಹಿಡಿದು ಸಾಗಿತ್ತು. ಇನ್ನೊಂದು ಬಾಣವಿಲ್ಲದ ಕಡೆಯಿಂದ ಹೊರಟಿತ್ತು. ಮೂರನೆಯದು ಕಿಟಕಿ ಕಟ್ಟೆಯ ಮೇಲೆ ಇನ್ನೂ ನಿಂತಿದೆ.